ಕುವೈತ್ ದೊಡ್ಡಪ್ಪ

ಕಳೆದ ಶುಕ್ರವಾರ ಕುವೈತಿನ ಫಹಾಹೀಲ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದವರ ಫೋನಿನಿಂದ ಮಗುವೊಂದರ ದನಿ ಕೇಳಿಸಿತು: “ಕುವೈತ್ ದೊಡ್ಡಪ್ಪ, ನೀವು ಯಾವಾಗ ಬರ್ತೀರಿ?”

ಆ ವಾರ ನಾನು ಓದುತ್ತಿದ್ದದ್ದು ಜಪಾನಿ ಉದ್ಯಮಿ ಯಮಶಿತ ತರೋ ಅವರ ಕುರಿತು. ಸೌದಿ, ಕುವೈತ್ ನಡುವಿನ ತಟಸ್ಥ ವಲಯದ ಕಡಲಲ್ಲಿ ಎಣ್ಣೆ ತೆಗೆಯಲು 1957ರಲ್ಲಿ ಸೌದಿಯ, 1958ರಲ್ಲಿ ಕುವೈತಿನ ಒಪ್ಪಿಗೆ ಪಡೆದು, 1960ರ ಜನವರಿಯಲ್ಲಿ ಖಫ್ಜಿಯಲ್ಲಿ ಎಣ್ಣೆ ಕಂಡ ಕಂಪನಿ ಅವರದು. ಜಪಾನಿನಲ್ಲಿ ಅವರಿಗೆ ‘ಅರೇಬಿಯಾ ತರೋ’ ಎಂದೇ ಹೆಸರು.

ನಮ್ಮವರು ಇದನ್ನು ‘ಟಾರೋ’ ಎಂದು ಅಚ್ಚು ಹಾಕುತ್ತಾರೆ. ಈ ತಕರಾರು ಹಿಂದೆಯೂ ಎತ್ತಿದ್ದೇನೆ, ಮತ್ತೆ ಎತ್ತುತ್ತೇನೆ. ತ-ಟ ಭೇದ, ಹ್ರಸ್ವ-ದೀರ್ಘ ಎಲ್ಲವೂ ಇರುವ ಲಿಪಿ ಕೈಯಲ್ಲಿದ್ದೂ ಇಂಗ್ಲಿಷ್ ಕಾಗುಣಿತ ನೋಡಿ ಬರೆಯುವುದೇಕೆ? ಮೊದಲಕ್ಷರ ಹ್ರಸ್ವ, ಕೊನೆಯದು ದೀರ್ಘ: ತರೋ.

ಜಪಾನಿಯಲ್ಲಿ ಈ ಹೆಸರನ್ನು ಬರೆಯುವ ಎರಡು ಅಕ್ಷರಗಳಲ್ಲಿ ಒಂದಕ್ಕೆ ದೊಡ್ಡದು, ಇನ್ನೊಂದಕ್ಕೆ ಗಂಡುಮಗ ಎಂಬ ಅರ್ಥ. ಹಿರಿಮಗ ತರೋ, ಎರಡನೆಯವನು ಜಿರೋ, ಮೂರನೆಯವನು ಸಬುರೋ. ಯೋಧ ಮಿನಮೊತೊ ಯೊಶಿಇಎ (1039–1106) ಹಚಿಮನ್ ದೇವರ ಗುಡಿಯಲ್ಲಿ ಪ್ರಾಯಪ್ರವೇಶದ ವಿಧಿ ಮುಗಿಸಿ ‘ಹಚಿಮನ್ ತರೋ’ ಆದ. ಒಬ್ಬ ತಮ್ಮ ಕಮೊ ಗುಡಿಯಿಂದ ‘ಕಮೊ ಜಿರೋ’, ಇನ್ನೊಬ್ಬ ಶಿನ್ರ ದೇವರ ಸನ್ನಿಧಿಯಿಂದ ‘ಶಿನ್ರ ಸಬುರೋ’. ದೇವರ ಹೆಸರು ಮುಂದೆ, ಹುಟ್ಟಿದ ಕ್ರಮ ಹಿಂದೆ. ನಮ್ಮ ಹಿರಿಯಣ್ಣ, ಚಿಕ್ಕಣ್ಣಂದಿರೂ ಇದೇ ಜಾಡಿನವರು. ನಮ್ಮಲ್ಲಿ ದೇವರ ಜಾಗದಲ್ಲಿ ಊರು ಕೂರುತ್ತದೆ. ತತ್ತ್ವಶಾಸ್ತ್ರದ ಮೈಸೂರು ಹಿರಿಯಣ್ಣನವರನ್ನು (1871–1950) ಜಪಾನಿಗೆ ತಂದರೆ ‘ಮೈಸೂರು ತರೋ’ ಎನ್ನಬೇಕಾದೀತು.

ಯೋಚನೆ ಇಲ್ಲಿಗೆ ಬಂದಾಗ ತಿಳಿಯಿತು, ನನ್ನನ್ನು ಕಾಡುತ್ತಿದ್ದದ್ದು ಹೆಸರಿನ ಅರ್ಥವಲ್ಲ. 1898ರ ಜಪಾನಿ ಕಾನೂನಿನಂತೆ ಮನೆಯ ಯಜಮಾನಿಕೆ ಹಿರಿಮಗನದು. 1947ರಲ್ಲಷ್ಟೇ ಅದು ಹೋಯಿತು. ತರೋ ಎಂದರೆ ಮನೆ ಬಿಡಬಾರದವನು. ಊರು ಬಿಟ್ಟು ದಾರಿ ಹುಡುಕಬೇಕಾದವರು ಜಿರೋ, ಸಬುರೋಗಳು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಇದು ತಿರುವುಮುರುವು. ತಂಗಿಯ ಮದುವೆ, ತಮ್ಮನ ಕಾಲೇಜು, ಮನೆಗೆ ತಾರಸಿ ಎಂದು ಮೊದಲು ಹೊರಟವನು ಹಿರಿಯವನೇ. ಇಲ್ಲಿನ ಅರಬರು ತಂದೆಯನ್ನು ಹಿರಿಮಗನ ಹೆಸರಿನಿಂದ ‘ಅಬು ಇಂಥವನು’ ಎಂದು ಕರೆಯುತ್ತಾರೆ. ಅಪ್ಪನ ಹೆಸರಿನೊಳಗೇ ಮಗ ಇರುತ್ತಾನೆ. ನಮ್ಮ ಹಿರಿಯವನಿಗೆ ಅಂಟುವುದು ದುಡಿಯಲು ಹೋದ ಊರು. ಮನೆಯಲ್ಲೇ ಇದ್ದಿದ್ದರೆ ಬರೀ ‘ದೊಡ್ಡಪ್ಪ’ ಸಾಕಿತ್ತು. ಊರಿಗೆ ಮರಳಿ ಹತ್ತು ವರ್ಷ ಕಳೆದರೂ ಆ ‘ಕುವೈತ್’ ಕಳಚದವರನ್ನು ನಾನು ಬಲ್ಲೆ.

ಫಹಾಹೀಲ್‌ನ ಆ ಹಿರಿಯರು ಫೋನನ್ನು ಕಿವಿಗೆ ಒತ್ತಿಕೊಂಡು, “ಮಳೆಗಾಲ ಮುಗೀಲಿ ಮಗಾ” ಎಂದರು. ಅಷ್ಟರಲ್ಲಿ ಬಸ್ಸು ಬಂತು.