ಬೆನ್ನಿಗೆ ಹತ್ತಿದ ಮಣ್ಣು

ಕೊಲ್ಹಾಪುರ ಜಿಲ್ಲೆಯ ಬಿದ್ರಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಹಂಗಾಮು ಮುಗಿಯುತ್ತ ಬಂದಂತೆ ಈ ಸೀಮೆಯಲ್ಲಿ ಜಾತ್ರೆಗಳು ಶುರುವಾಗುತ್ತವೆ. ಪಲ್ಲಕ್ಕಿ ಗುಡಿಗೆ ಮರಳಿದ ಮರುದಿನ, ಬಿಸಿಲು ಇಳಿಯುವ ಹೊತ್ತಿಗೆ, ಊರ ಹೊರಗಿನ ಹೊಲದಿಂದ ಹಲಗಿಯ ಸದ್ದು ಕೇಳಿತೆಂದರೆ ಯಾರ ಕಾಲೂ ಮನೆಯಲ್ಲಿ ನಿಲ್ಲುವುದಿಲ್ಲ. ಮೊದಲು ರೇವಡಿ ಕುಸ್ತಿ: ಗೆದ್ದ ಹುಡುಗನ ಅಂಗೈಗೆ ಒಂದು ಹಿಡಿ ರೇವಡಿ. ಆಮೇಲೆ ನೂರು ರೂಪಾಯಿಯದು, ಐದುನೂರರದು, ಸಾವಿರದ್ದು. ಕಟ್ಟಕಡೆಗೆ ಮೊದಲ ನಂಬರಿನ ಜೋಡಿ. ಈ ಕಣಗಳ ಅಂಚಿನಲ್ಲಿ ನೆಲಕ್ಕೆ ಕೂತು ನನ್ನ ಅರ್ಧ ಆಯುಷ್ಯ ಕಳೆದಿದೆ. ಸಾಹಿತ್ಯ ಪತ್ರಿಕೆಯ ಮೊದಲ ಪುಟದಲ್ಲಿ ಕುಸ್ತಿಯ ಮಾತೇಕೆ ಎಂದು ಕೇಳುವ ಓದುಗರಿಗೆ ನನ್ನ ಉತ್ತರ ಇಷ್ಟೇ: ಗೆಲ್ಲುವುದನ್ನೂ ಸೋಲುವುದನ್ನೂ ಈ ಸೀಮೆಯ ಜನ ಕಲಿತದ್ದು ಕಣದಲ್ಲಿ. ಆ ಪಾಠ ಕೆಡುತ್ತಿದೆ ಅನ್ನಿಸಿದಾಗ ಬರೆಯದೆ ಇರಲಾಗಲಿಲ್ಲ.

2025ರ ಫೆಬ್ರುವರಿ 2. ಅಹಿಲ್ಯಾನಗರದಲ್ಲಿ ಮಹಾರಾಷ್ಟ್ರ ಕೇಸರಿಯ ಕೊನೆಯ ದಿನ. 1961ರಲ್ಲಿ ಶುರುವಾದ ಈ ಪಂದ್ಯದಲ್ಲಿ ಈಗ ಮಣ್ಣಿನ ವಿಭಾಗ ಬೇರೆ, ಗಾದಿಯ, ಅಂದರೆ ಮ್ಯಾಟಿನ, ವಿಭಾಗ ಬೇರೆ. ಒಂದೊಂದರಲ್ಲಿ ಗೆದ್ದು ಬಂದವರು ಕೊನೆಗೆ ಎದುರುಬದುರಾಗುತ್ತಾರೆ, ಗೆದ್ದವರು ಬೆಳ್ಳಿಯ ಗದೆಯನ್ನು ಹೆಗಲಿಗೇರಿಸುತ್ತಾರೆ. ಅಂದು ಗಾದಿಯ ವಿಭಾಗದ ಅಂತಿಮ ಕುಸ್ತಿ ಶಿವರಾಜ ರಾಕ್ಷೆ ಮತ್ತು ಪೃಥ್ವಿರಾಜ ಮೋಹೋಳರ ನಡುವೆ. ರಾಕ್ಷೆ 2023ರ ಜನವರಿಯಲ್ಲಿ ಪುಣೆಯಲ್ಲಿ ಗದೆ ಗೆದ್ದಿದ್ದ ಪೈಲ್ವಾನರು. ಮೋಹೋಳರ ಪಟ್ಟಿಗೆ ರಾಕ್ಷೆ ಕೆಳಗೆ ಬಿದ್ದರು, ಪಂಚರು ಚಿತ್ ಎಂದು ತೀರ್ಪು ಕೊಟ್ಟರು. ಎರಡೂ ಭುಜ ತಾಗಿಲ್ಲ, ವಿಡಿಯೊ ನೋಡಿ ಎಂದು ರಾಕ್ಷೆ ಪಟ್ಟು ಹಿಡಿದರು. ಮಾತು ಬೆಳೆಯಿತು, ಪೈಲ್ವಾನರ ಕಾಲು ಪಂಚರ ಮೇಲೆ ಎದ್ದಿತು.

ಅದೇ ಸಂಜೆ ಗದೆಗಾಗಿ ನಡೆದ ಕುಸ್ತಿಯಲ್ಲಿ ಮೋಹೋಳರ ಎದುರು ನಿಂತವರು ಮಹೇಂದ್ರ ಗಾಯಕವಾಡ. ಕೊನೆಯ ಸೆಕೆಂಡುಗಳಲ್ಲಿ ಅಂಕದ ವಿಚಾರಕ್ಕೆ ಅವರೂ ಸಿಟ್ಟಿಗೆದ್ದು ಗಾದಿಯಿಂದ ಇಳಿದು ನಡೆದರು. ರಾಕ್ಷೆ, ಗಾಯಕವಾಡ ಇಬ್ಬರಿಗೂ ಮೂರು ವರ್ಷದ ನಿಷೇಧ ಬಿತ್ತು. ಒಂದೇ ಸಂಜೆ, ಎರಡು ದೊಡ್ಡ ಕುಸ್ತಿ, ಎರಡರಲ್ಲೂ ಸೋತವರು ಸೋಲನ್ನು ಒಪ್ಪಲಿಲ್ಲ. ಗೆದ್ದ ಮೋಹೋಳರಿಗೂ ಇದು ಅನ್ಯಾಯವೇ. ವರ್ಷಗಟ್ಟಲೆ ಮೈ ದಂಡಿಸಿ ಗಳಿಸಿದ ಗದೆಯ ಮೇಲೆ ಅವರದಲ್ಲದ ತಪ್ಪಿನ ನೆರಳು ಬಿತ್ತು. ಪಂಚರ ಮೇಲೆ ಕಾಲೆತ್ತಿದ್ದಕ್ಕೆ ಯಾವ ಸಮಜಾಯಿಷಿಯೂ ಇಲ್ಲ, ಶಿಕ್ಷೆ ಸರಿಯಾದದ್ದೇ. ಆದರೆ ಶಿಕ್ಷೆ ಕೊಟ್ಟ ಮಾತ್ರಕ್ಕೆ ಭುಜ ತಾಗಿತೇ ಇಲ್ಲವೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಂತಾಗಲಿಲ್ಲ.

ಆ ಕುಸ್ತಿಯ ವಿಡಿಯೊವನ್ನು ಮೊಬೈಲಿನಲ್ಲಿ ನಮ್ಮ ಕಡೆಯ, ಕುಸ್ತಿ ಕಲಿಸುವ ಒಬ್ಬ ಹಳೆಯ ವಸ್ತಾದರಿಗೆ ತೋರಿಸಿದೆ. ತಾಲೀಮಿನ, ಅಂದರೆ ಗರಡಿಯ, ಕಟ್ಟೆಯ ಮೇಲೆ ಕೂತು ಮೂರು ಸಲ ನೋಡಿದರು. ಮೊಬೈಲು ನನ್ನ ಕೈಗಿತ್ತು, "ಇದ್ರಾಗ ಏನೂ ಕಾಣಂಗಿಲ್ರಿ ಮಾಸ್ತರ್ರ. ಬೆನ್ನು ಒಂದ್ ಕಡಿ ಐತಿ, ಕ್ಯಾಮೆರಾ ಒಂದ್ ಕಡಿ ಐತಿ" ಅಂದರು. ಆಮೇಲೆ ಮಣ್ಣು ಕೆದರುತ್ತಿದ್ದ ಹುಡುಗನನ್ನು ಕರೆದರು. "ಬಾರೋ ತಮ್ಮಾ, ಮಲ್ಕೋ ಇಲ್ಲಿ." ಹುಡುಗ ಕಣದಲ್ಲಿ ಅಂಗಾತ ಮಲಗಿದ. ವಸ್ತಾದರು ಮೊಣಕಾಲೂರಿ ಅವನ ಹೆಗಲಿನ ಹಲಗೆ ಎಲುಬಿನ ಕೆಳಗೆ ಅಂಗೈ ತೂರಿಸಲು ನೋಡಿದರು. "ಕೈ ಹೋತಂದ್ರ ಕುಸ್ತಿಗೆ ಇನ್ನೂ ಜೀವ ಐತಿ. ಹೋಗ್ಲಿಲ್ಲಂದ್ರ ಮುಗೀತು." ಕೈ ಹೋಗಲಿಲ್ಲ. ಹುಡುಗ ಎದ್ದು ನಿಂತ. ಬೆವೆತ ಬೆನ್ನಿನ ಮೇಲೆ, ಎರಡು ಹೆಗಲಿಗೂ, ರೊಟ್ಟಿಯಷ್ಟಗಲ ಕೆಂಪು ಮಣ್ಣು ಹತ್ತಿತ್ತು. "ನೋಡ್ರಿ, ಮಣ್ಣು ಸಾಕ್ಷಿ ಹೇಳತೈತಿ. ಗಾದಿ ಏನ್ ಹೇಳತೈತಿ?"

ಅವರ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಕೊಲ್ಹಾಪುರದ ತಾಲೀಮುಗಳಲ್ಲಿ ಮಣ್ಣನ್ನು ಹದ ಮಾಡುವುದೇ ಒಂದು ವಿದ್ಯೆ. ಕೆಂಪು ಮಣ್ಣನ್ನು ಸೋಸಿ, ಮಜ್ಜಿಗೆ, ಎಣ್ಣೆ, ಅರಿಸಿನ, ಲಿಂಬೆರಸ, ಕರ್ಪೂರ ಬೆರೆಸಿ, ದಿನವೂ ಸಲಿಕೆಯಿಂದ ತಿರುವಿ ಹಾಕುತ್ತಾರೆ. ಬಿದ್ದವನಿಗೆ ಪೆಟ್ಟಾಗಬಾರದು, ಗಾಯಕ್ಕೆ ಕೀವು ಕಟ್ಟಬಾರದು, ಮೈಯ ಹಿಡಿತ ಜಾರಬಾರದು ಎಂಬುದಕ್ಕೆ ಇಷ್ಟೆಲ್ಲ. ಇವುಗಳ ಜೊತೆ ಇನ್ನೊಂದು ಕೆಲಸವನ್ನೂ ಆ ಮಣ್ಣು ಯಾರೂ ಹೇಳದೆ ಮಾಡುತ್ತ ಬಂದಿತ್ತು. ಬಿದ್ದವನ ಬೆನ್ನಿನ ಮೇಲೆ ತೀರ್ಪು ಬರೆಯುತ್ತಿತ್ತು. ಪಂಚರಿಗೆ ಕಾಣದಿದ್ದರೂ ಜನಕ್ಕೆ ಕಾಣುತ್ತಿತ್ತು, ಜನಕ್ಕೆ ಕಾಣದಿದ್ದರೂ ಸೋತವನ ಬೆನ್ನಿಗೆ ಗೊತ್ತಾಗುತ್ತಿತ್ತು.

ಕೊಲ್ಹಾಪುರದ ಅರಸರಾಗಿದ್ದ ಶಾಹೂ ಮಹಾರಾಜರು ಸಾಕ್ಷಿಯ ಈ ಬೆಲೆಯನ್ನು ಚೆನ್ನಾಗಿ ಬಲ್ಲವರು. 1902ರಲ್ಲಿ ವಿಲಾಯತಿಗೆ ಹೋದಾಗ ರೋಮಿನ ಹಳೆಯ ಕ್ರೀಡಾಂಗಣವನ್ನು ನೋಡಿ ಬಂದವರು 1912ರ ಹೊತ್ತಿಗೆ ಕೊಲ್ಹಾಪುರದಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದರು. ನಡುವೆ ಕಣ, ಸುತ್ತ ಬೋಗುಣಿಯಂತೆ ಮೇಲೇರುವ ಕೂರುವ ಜಾಗ. ಎಲ್ಲಿ ಕೂತರೂ ಕಣ ಕಾಣುತ್ತದೆ, ಅಡ್ಡ ಒಂದು ಕಂಬವಿಲ್ಲ. ಅರಸನಿಗೆ ಕಂಡದ್ದು ಹಿಂದಿನ ಸಾಲಿನ ರೈತನಿಗೂ ಕಾಣಬೇಕು. ಅಲ್ಲಿ ಕೂತ ಸಾವಿರಾರು ಜನರೂ ಸಾಕ್ಷಿಗಳೇ. ಇಂಥ ಕಡೆ ಸೋತವನು ಯಾರ ಹತ್ತಿರ ತಕರಾರು ತೆಗೆಯಬೇಕು?

ಕೊಲ್ಹಾಪುರದ ಮಣ್ಣಿನ ಮಾತು ಬಂದಾಗ ಯಕ್ಸಂಬಾದ ಪೈಲ್ವಾನ ಶ್ರೀಪತಿ ಖಂಚನಾಳೆಯವರನ್ನು ನೆನೆಯಲೇಬೇಕು. ದೂಧಗಂಗೆ ಮತ್ತು ವೇದಗಂಗೆ ಎಂಬ ಎರಡು ಹೊಳೆಗಳ ಹೆಸರನ್ನು ಬಿದ್ರಿಯ ಕಾರ್ಖಾನೆ ಹೊತ್ತಿದೆ. ಆ ದೂಧಗಂಗೆ ಕಾಗಲ ತಾಲೂಕು ದಾಟಿ, ಚಿಕ್ಕೋಡಿ ತಾಲೂಕಿನ ಯಕ್ಸಂಬಾದ ಬದಿಗೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಖಂಚನಾಳೆಯವರು ಹೊಳೆಗೆ ಎದುರಾಗಿ ಬಂದವರು. ಕನ್ನಡದ ನೆಲದಲ್ಲಿ ಹುಟ್ಟಿ, ಕೊಲ್ಹಾಪುರದ ತಾಲೀಮಿನಲ್ಲಿ ಪಳಗಿ, 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾ ಸಿಂಗ್ ಅವರನ್ನು ಸೋಲಿಸಿ ಮೊದಲ ಹಿಂದ್ ಕೇಸರಿಯಾದರು. 2020ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಗಡಿಯ ಎರಡೂ ಕಡೆ ತಾಲೀಮಿನ ಹುಡುಗರು ಅತ್ತರು. ಕನ್ನಡ ಮರಾಠಿಗಳ ನಡುವೆ ಎಷ್ಟೇ ಜಗಳವಿರಲಿ, ವಸ್ತಾದ, ಖುರಾಕು, ತಾಲೀಮು, ನಿಕಾಲಿ ಎಂಬ ಮಾತುಗಳು ಇಬ್ಬರ ಬಾಯಲ್ಲೂ ಒಂದೇ. ಅದರಲ್ಲೂ ನಿಕಾಲಿ ಎಂಬುದು ನನಗೆ ಬಹಳ ಪ್ರೀತಿಯ ಮಾತು. ಇತ್ಯರ್ಥವಾಗದೆ ಬಿಡುವುದಿಲ್ಲ ಎಂಬ ಹಟ ಅದರಲ್ಲಿದೆ.

ಹಾಗೆಂದು ಗಾದಿಯನ್ನು ಸುತ್ತಿಟ್ಟು ಮಣ್ಣಿಗೆ ಮರಳೋಣ ಎಂದು ನಾನು ಹೇಳುವುದಿಲ್ಲ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದ ಖಾಶಾಬಾ ಜಾಧವ 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದದ್ದು ಗಾದಿಯ ಮೇಲೆ. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ಅದು ಮೊದಲ ಒಲಿಂಪಿಕ್ ಪದಕ. ಬಿದ್ರಿಗೆ ಹತ್ತಿರದ ಮುರಗೂಡದ ಕುಸ್ತಿ ಸಂಕುಲದಲ್ಲಿ ಹೆಣ್ಣುಮಕ್ಕಳು ಬೆಳಿಗ್ಗೆ ಎದ್ದು ಅಭ್ಯಾಸ ಮಾಡುವುದೂ ಗಾದಿಯ ಮೇಲೆಯೇ. 2023ರ ಮಾರ್ಚಿನಲ್ಲಿ ಸಾಂಗಲಿಯಲ್ಲಿ ಪ್ರತೀಕ್ಷಾ ಬಾಗಡಿ ಮೊದಲ ಮಹಿಳಾ ಮಹಾರಾಷ್ಟ್ರ ಕೇಸರಿಯಾದ ಮೇಲೆ ಆ ಹುಡುಗಿಯರ ಕಣ್ಣಲ್ಲಿ ಬೇರೆಯೇ ಹೊಳಪಿದೆ. ಅವರ ದಾರಿ ಗಾದಿಯದು. ಆ ದಾರಿಯಲ್ಲಿ ನಂಬಿಕೆಯ ಸಾಕ್ಷಿಯೊಂದನ್ನು ನಿಲ್ಲಿಸಿಕೊಡುವುದು ದೊಡ್ಡವರ ಹೊಣೆ.

ಗಾದಿಯ ಮೇಲೂ ಒಳ್ಳೆಯ ಇತ್ಯರ್ಥ ಸಾಧ್ಯ ಎಂಬುದಕ್ಕೆ ಉದಾಹರಣೆಗಳಿವೆ. 2022ರಲ್ಲಿ ಸಾತಾರದಲ್ಲಿ ಕೊಲ್ಹಾಪುರದ ಪೃಥ್ವಿರಾಜ ಪಾಟೀಲರು ವಿಶಾಲ ಬನಕರರನ್ನು 5–4ರಿಂದ ಸೋಲಿಸಿದರು. 2000ದಲ್ಲಿ ವಿನೋದ ಚೌಗುಲೆ ಗೆದ್ದ ಮೇಲೆ ಕೊಲ್ಹಾಪುರ ಎರಡು ದಶಕ ಕಾದಿದ್ದ ಗದೆ ಅದು. ಒಂದೇ ಅಂಕದ ಅಂತರವಿದ್ದರೂ ಆ ಗೆಲುವು ನಮ್ಮ ಕಡೆ ತಕರಾರಿನ ಮಾತಾಗಲಿಲ್ಲ. 2023ರ ನವೆಂಬರಿನಲ್ಲಿ ಪುಣೆ ಬಳಿಯ ಫುಲಗಾವಿನಲ್ಲಿ ಗಂಗಾವೇಶ ತಾಲೀಮಿನ ಸಿಕಂದರ ಶೇಖ್ ಅರ್ಧ ನಿಮಿಷ ತುಂಬುವುದರೊಳಗೆ ರಾಕ್ಷೆಯವರನ್ನು ಚಿತ್ ಮಾಡಿದರು. ಅಲ್ಲಿ ವಾದಕ್ಕೆ ಎಡೆಯೇ ಇರಲಿಲ್ಲ.

ಆದರೆ ಅಂಕದ ಲೆಕ್ಕ ಬಂದಲ್ಲಿ ಮಣ್ಣಿನ ಸಾಕ್ಷಿಯೂ ಸಾಲದು. ಅದೇ ವರ್ಷದ ಜನವರಿಯಲ್ಲಿ, ಪುಣೆಯಲ್ಲಿ, ಮಣ್ಣಿನ ವಿಭಾಗದ ಕುಸ್ತಿಯಲ್ಲಿ ಇದೇ ಸಿಕಂದರರ ವಿರುದ್ಧ ಗಾಯಕವಾಡರು ಹಾಕಿದ ಟಾಂಗಿಗೆ ನಾಲ್ಕು ಅಂಕ ಕೊಟ್ಟದ್ದು ತಿಂಗಳುಗಟ್ಟಲೆ ಚರ್ಚೆಯಾಯಿತು. ನಿಂತವನನ್ನು ಎತ್ತಿಹಾಕಿದಾಗ ಬೆನ್ನು ನೆಲದ ಕಡೆಗೆ ಅಪಾಯದಷ್ಟು ತಿರುಗಿದರೆ ನಾಲ್ಕು, ತಿರುಗದಿದ್ದರೆ ಎರಡು. ಕಣ್ಣು ಮಿಟುಕಿಸುವಷ್ಟರ ಆ ತಿರುವನ್ನು ಒಂದು ಬದಿಯಿಂದ ನೋಡಿದವನಿಗೆ ನಾಲ್ಕು, ಇನ್ನೊಂದು ಬದಿಯಿಂದ ನೋಡಿದವನಿಗೆ ಎರಡು. ಪಂಚರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರು ಏನು ಕಂಡರೋ ಅದನ್ನು ನಮಗೂ ಸೋತವರಿಗೂ ತೋರಿಸುವ ಏರ್ಪಾಡು ಇಲ್ಲದ್ದು ಕೆಟ್ಟದ್ದು. ಆ ಖಾಲಿ ಜಾಗಕ್ಕೆ ಊರಿನ ಅಭಿಮಾನ ನುಗ್ಗಿತು, ಜಾತಿ ಧರ್ಮಗಳ ಮಾತೂ ನುಗ್ಗಿತು. ತಾಲೀಮಿನ ಬಾಗಿಲಲ್ಲಿ ಚಪ್ಪಲಿಯ ಜೊತೆ ಬಿಟ್ಟುಬರಬೇಕಾದವುಗಳನ್ನು ನಾವು ಅಭಿಮಾನಿಗಳೇ ಒಳಗೆ ತಂದೆವು.

ಮೈದಾನದ ಕುಸ್ತಿಯ ಕಥೆಯೂ ಸುಖದ್ದಲ್ಲ. ಹೋದ ಹಂಗಾಮಿನಲ್ಲಿ ಒಂದು ಊರ ಜಾತ್ರೆಗೆ ಹೋಗಿದ್ದೆ. ಪೋಸ್ಟರಿನಲ್ಲಿ "ಜಂಗಿ ನಿಕಾಲಿ ಕುಸ್ತಿ" ಎಂದು ದಪ್ಪ ಅಕ್ಷರ. ಇಬ್ಬರೂ ಹೆಸರಾಂತ ಪೈಲ್ವಾನರು, ಲಕ್ಷದ ಲೆಕ್ಕದ ಇನಾಮು. ಹಣೆಗೆ ಹಣೆ ಹಚ್ಚಿ ಕೊರಳು ಹಿಡಿದು ದೂಡಿದರು, ಮತ್ತೆ ಮತ್ತೆ ದೂಡಿದರು. ಒಬ್ಬರೂ ಪಟ ತೆಗೆಯಲಿಲ್ಲ, ಒಬ್ಬರೂ ಢಾಕಿಗೆ ಕೈ ಹಾಕಲಿಲ್ಲ. ಕತ್ತಲಾಗುತ್ತಲೂ ಪಂಚರು ಬರೋಬರಿ ಎಂದು ಇಬ್ಬರ ಕೈಯನ್ನೂ ಎತ್ತಿದರು. ಹಿಂದಿನಿಂದ ಯಾರೋ "ನೂರಾ ಕುಸ್ತಿ!" ಎಂದು ಕೂಗಿದರು. ಮೊದಲೇ ಮಾತಾಡಿಕೊಂಡದ್ದೋ ಅಲ್ಲವೋ, ನಾನು ಹೇಳಲಾರೆ. ಆದರೆ ಹಲಗಿ ಬಾರಿಸುವವರು ಕೂಡ ಅಂದು ಮನಸ್ಸಿಲ್ಲದೆ ಬಾರಿಸಿದರು.

ಪೈಲ್ವಾನರ ಕಷ್ಟ ನನಗೆ ಗೊತ್ತು. ಹಾಲು, ತುಪ್ಪ, ಬಾದಾಮಿ, ಮಾಂಸ, ಇವುಗಳ ಖುರಾಕಿಗೆ ಮನೆಯ ಎಮ್ಮೆ, ಅಪ್ಪನ ಹೊಲ ಎರಡೂ ಕರಗುತ್ತವೆ. ಜಾತ್ರೆಯ ಹಂಗಾಮು ಕೆಲವೇ ತಿಂಗಳು. ಒಂದು ಮೊಣಕಾಲು ತಿರುಗಿದರೆ ಆ ವರ್ಷದ ದುಡಿಮೆ ಹೋಯಿತು. ನಾಳೆ ಇನ್ನೊಂದು ಊರಲ್ಲಿ ಕುಸ್ತಿಯಿರುವಾಗ ಇಂದು ಮೈ ಉಳಿಸಿಕೊಳ್ಳಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆದ್ದರಿಂದ ಜಾತ್ರೆಯ ಕಮಿಟಿಯವರಿಗೆ ನನ್ನ ಮಾತಿದು: ಇನಾಮಿನ ಅರ್ಧ ಮೊತ್ತವನ್ನು ಗಾಯಗೊಂಡವರ ಔಷಧಕ್ಕೂ ಎಳೆಯ ಹುಡುಗರ ಖುರಾಕಿಗೂ ತೆಗೆದಿಡಿ. ದೊಡ್ಡ ಹೆಸರು ಒಂದೇ ಸಾಕು, ಸಮಜೋಡಿಗಳು ನಾಲ್ಕು ಹೆಚ್ಚಿರಲಿ. ನಿಕಾಲಿ ಎಂದು ಬರೆದ ಮೇಲೆ ನಿಕಾಲಿಯೇ ಆಗಲಿ. ಆಗದಿದ್ದರೆ ಆ ಮಾತನ್ನು ಪೋಸ್ಟರಿನಲ್ಲಿ ಹಾಕಬೇಡಿ.

ಗಾದಿಯ ಕುಸ್ತಿ ನಡೆಸುವವರಿಗೆ ಬೇಡಿಕೆ ಇನ್ನೂ ಸರಳ. ನಾಲ್ಕು ಬದಿಗೂ, ನೆಲದ ಮಟ್ಟದಲ್ಲಿ, ಕ್ಯಾಮೆರಾ ಇಡಿ. ಕೈ ಎತ್ತುವ ಮೊದಲು ಆ ಚಿತ್ರವನ್ನು ದೊಡ್ಡ ಪರದೆಯ ಮೇಲೆ ಎಲ್ಲರಿಗೂ ತೋರಿಸಿ. ಗೆದ್ದವರಿಗೆ ಥಾರ್ ಗಾಡಿ ಕೊಡುವಷ್ಟು ಹಣ ಕೂಡಿಸುವ ಪಂದ್ಯಕ್ಕೆ ನಾಲ್ಕು ಕ್ಯಾಮೆರಾ ಭಾರವಾಗಲಾರದು. ಮಣ್ಣು ಮಾಡುತ್ತಿದ್ದ ಸಾಕ್ಷಿಯ ಕೆಲಸವನ್ನು ಇನ್ನು ಅವು ಮಾಡಲಿ. ಆಗ ಪಂಚರ ಮಾನವೂ ಉಳಿಯುತ್ತದೆ, ಪೈಲ್ವಾನರ ಮಾನವೂ ಉಳಿಯುತ್ತದೆ. ಗಡಿಯ ತಾಲೀಮುಗಳಲ್ಲಿ ಬೆವರು ಸುರಿಸಿದ ಓದುಗರು ತಾವು ಕಂಡ ಕುಸ್ತಿಗಳ ನೆನಪನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಪ್ರೀತಿಯಿಂದ ಪ್ರಕಟಿಸುತ್ತೇವೆ. ಗೆದ್ದ ಕುಸ್ತಿಗಳಷ್ಟೇ ಸಾಲದು, ಸೋತವುಗಳನ್ನೂ ಬರೆಯಿರಿ.

ಬರೋಬರಿಯಾದ ಆ ಜಾತ್ರೆಯ ಮಧ್ಯಾಹ್ನದ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ರೇವಡಿ ಕುಸ್ತಿ ನಡೆದಿತ್ತು. ಎಂಟು ವರ್ಷದ ಇಬ್ಬರು ಹುಡುಗರು, ಒಬ್ಬನ ಲಂಗೋಟ ಅವನಿಗಿಂತ ದೊಡ್ಡದು. ಇಬ್ಬರೂ ಒಬ್ಬರ ಮೇಲೊಬ್ಬರು ಉರುಳಿ ಎದ್ದರು. ಅಷ್ಟರಲ್ಲಿ ಪಂಚರನ್ನು ಯಾರೋ ಮಾತಾಡಿಸಿದ್ದರು, ಅವರು ನೋಡಿರಲಿಲ್ಲ. "ಯಾರು ಬಿದ್ರೋ?" ಎಂದು ಕೇಳಿದರು. ಜನ ಎರಡೂ ಹೆಸರು ಕೂಗಿದರು. ದೊಡ್ಡ ಲಂಗೋಟದ ಹುಡುಗ ಒಂದು ಗಳಿಗೆ ನಿಂತ. ಆಮೇಲೆ ಮಾತಾಡದೆ ತಿರುಗಿ, ಪಂಚರಿಗೆ ತನ್ನ ಬೆನ್ನು ತೋರಿಸಿದ. ಎರಡೂ ಹೆಗಲಿಗೆ ಮಣ್ಣು ಹತ್ತಿತ್ತು.