ಊರುಗೋಲೋ, ಕೊರಳ ಕಣ್ಣಿಯೋ?



ಮುಪ್ಪಿನಲ್ಲಿ ಮನುಷ್ಯನಿಗೆ ಮೊದಲು ಒದಗುವ ಉಪಕರಣ ಊರುಗೋಲು. ಅದನ್ನು ಮಗನೋ ಮಗಳೋ ತಂದುಕೊಟ್ಟಿರಬಹುದು. ಆದರೆ ಹಿಡಿಯುವ ಕೈ ಹಿರಿಯರದೇ, ನಡೆಯುವ ದಾರಿಯೂ ಅವರು ಆರಿಸಿಕೊಂಡದ್ದೇ. ಹಸುವಿನ ಕೊರಳ ಕಣ್ಣಿಯೂ ಅದರ ಕ್ಷೇಮಕ್ಕಾಗಿಯೇ ಇರುವುದು. ಆದರೆ ಅದರ ತುದಿ ಮತ್ತೊಬ್ಬರ ಕೈಯಲ್ಲಿರುತ್ತದೆ. ಇಂದು ವೃದ್ಧ ತಂದೆತಾಯಿಗಳ ಮನೆಗೆ ಮಕ್ಕಳು ತಂದಿಡುತ್ತಿರುವ ಯಂತ್ರಗಳನ್ನೆಲ್ಲ ಈ ಒಂದು ಭೇದದಿಂದ ಪರೀಕ್ಷಿಸಬೇಕು ಎಂಬುದು ನಮ್ಮ ಅಭಿಪ್ರಾಯ.

2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ, ಅಂದರೆ ಜನಸಂಖ್ಯೆಯ ಶೇಕಡಾ 8.6ರಷ್ಟು. ಕರ್ನಾಟಕದಲ್ಲಿ ಈ ಪ್ರಮಾಣ ಶೇಕಡಾ 9.5. ನಂಜನಗೂಡು, ತಿ. ನರಸೀಪುರ ಸೀಮೆಯ ಯಾವ ಊರಿಗೆ ಹೋದರೂ ಈ ಅಂಕಿ ಜಗಲಿಗಳ ಮೇಲೆ ಕುಳಿತಿರುವುದನ್ನು ಕಾಣಬಹುದು. ದುಡಿಯುವವರು ಮೈಸೂರಿನಲ್ಲಿ, ಬೆಂಗಳೂರಿನಲ್ಲಿ, ಕೆಲವರು ಸಾಗರದಾಚೆ. ಹದಿನಾರಿನ ಕೆರೆಗೆ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬಂದು ಹೋಗುವಂತೆ, ಮಕ್ಕಳೂ ಸುತ್ತೂರು ಜಾತ್ರೆಗೋ ನಂಜನಗೂಡಿನ ದೊಡ್ಡ ಜಾತ್ರೆಗೋ ಬಂದು ಹೋಗುತ್ತಾರೆ. ಇದನ್ನು ಅಪರಾಧವೆಂದು ಹಳಿಯುವುದು ಸರಿಯಲ್ಲ. ಅವರು ಕಾಯಕವನ್ನು ಅರಸಿ ಹೋದವರು. ಉಳಿದ ದಿನಗಳನ್ನು ಹಿರಿಯರು ಹೇಗೆ ಕಳೆಯಬೇಕು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಊರುಗೋಲಿನಂತಹ ಸಾಧನಗಳು ಇಂದು ಅನೇಕ ಇವೆ. ನಿವೃತ್ತಿ ವೇತನ ಪಡೆಯುವವರು ತಾವು ಬದುಕಿದ್ದೇವೆಂದು ತೋರಿಸಲು ವರ್ಷಕ್ಕೊಮ್ಮೆ ಬ್ಯಾಂಕಿನ ಮೆಟ್ಟಿಲು ಹತ್ತಬೇಕಾಗಿತ್ತು. 2014ರಲ್ಲಿ ಆರಂಭವಾದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ 2021ರಿಂದ ಮೊಬೈಲಿಗೆ ಮುಖ ತೋರಿಸಿಯೇ ಆ ಕಾರ್ಯವನ್ನು ಮನೆಯಲ್ಲಿ ಮುಗಿಸಬಹುದಾಗಿದೆ. 2017ರಲ್ಲಿ ಗೂಗಲ್ ಕನ್ನಡ ಮಾತನ್ನು ಅಕ್ಷರವಾಗಿಸುವ ಸೌಲಭ್ಯ ನೀಡಿದ ಮೇಲೆ, ಬೆರಳು ನಡುಗುವ ಅಜ್ಜನೂ ಬಾಯಲ್ಲಿ ಹೇಳಿ ಮೊಮ್ಮಗನಿಗೆ ಪತ್ರ ಬರೆಯಬಲ್ಲ. ಓದುಬರಹವಿಲ್ಲದ ತಾಯಿ ವಾಟ್ಸಾಪಿನಲ್ಲಿ ತನ್ನ ದನಿಯನ್ನೇ ಕಳುಹಿಸಬಲ್ಲಳು. ಇಲ್ಲೆಲ್ಲ ಕೆಲಸ ಹಿರಿಯರದು, ಯಂತ್ರ ಕೇವಲ ಆಸರೆ.

ಕ್ಯಾಮೆರಾದ ವಿಷಯ ಬೇರೆ. ತಂದೆತಾಯಿಗಳನ್ನು ಕೇಳದೆಯೇ ನಡುಮನೆಯಲ್ಲಿ ಕ್ಯಾಮೆರಾ ನೆಟ್ಟು, ದೂರದ ಊರಿನಿಂದ ನೋಡುತ್ತಿರುವುದನ್ನು ಸೇವೆಯೆಂದು ಭಾವಿಸುವವರಿದ್ದಾರೆ. ಅವರ ಭಯ ಸುಳ್ಳಲ್ಲ. ಜಗತ್ತಿನಲ್ಲಿ ಬಿದ್ದು ಪ್ರಾಣ ಕಳೆದುಕೊಳ್ಳುವವರು ವರ್ಷಕ್ಕೆ ಸುಮಾರು 6,84,000 ಮಂದಿ. ಅವರಲ್ಲಿ ಅರವತ್ತು ದಾಟಿದವರೇ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆದರೆ ಕ್ಯಾಮೆರಾ ಬೀಳುವುದನ್ನು ತೋರಿಸೀತೇ ಹೊರತು ಬೀಳದಂತೆ ಹಿಡಿಯಲಾರದು. ಬಚ್ಚಲಿನ ಗೋಡೆಗೆ ಒಂದು ಹಿಡಿಕೆ, ಜಾರದ ನೆಲ, ರಾತ್ರಿ ಕಾಲಿಟ್ಟೊಡನೆ ತಾನಾಗಿ ಹೊತ್ತುವ ದೀಪ ಇವು ಅದಕ್ಕಿಂತ ಮುಂಚೆ ಬರಬೇಕಾದವು. ಸದಾ ನೋಡುವ ಕಣ್ಣಿನ ಕೆಳಗೆ ಬದುಕುವವರು ಸೆರಗು ಸಡಿಲಿಸಿ ಕೂರಲೂ ಸಂಕೋಚಪಡುತ್ತಾರೆ. ಕಷ್ಟಸುಖ ಹೇಳಿಕೊಳ್ಳಲು ಬಂದ ನೆರೆಯವರು ಮಾತನ್ನು ನುಂಗಿಕೊಳ್ಳುತ್ತಾರೆ. ಸಂಬಂಧವನ್ನು ಹೆಣೆಯಲೆಂದು ತಂದ ವಸ್ತು ಇದ್ದ ಸಂಬಂಧವನ್ನೇ ಕಡಿಯುತ್ತದೆ. ಮರೆವಿನ ರೋಗದಿಂದ ದಾರಿ ತಪ್ಪುವವರಿಗೆ ಇಂತಹ ಕಾವಲು ಅನಿವಾರ್ಯವಾಗಬಹುದು; ಅಲ್ಲಿಯೂ ಅರಿವು ನಿಚ್ಚಳವಾಗಿರುವಾಗಲೇ ಅವರ ಒಪ್ಪಿಗೆ ಪಡೆದಿರುವುದು ಧರ್ಮ.

ದಾಸೋಹಕ್ಕೂ ದಾನಕ್ಕೂ ಶರಣರು ಕಂಡ ಅಂತರವನ್ನು ಇಲ್ಲಿ ನೆನೆಯಬೇಕು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನು ತಾನೇ ದಾಸನಾಗುತ್ತಾನೆ. ಕೇಳದೆ ತಂದಿಟ್ಟ ಯಂತ್ರ ದಾನ. "ಅಪ್ಪಾ, ನಿಮಗೆ ಏನು ಕಷ್ಟವಾಗುತ್ತಿದೆ? ಇದು ಬೇಕೇ, ಬೇಡವೇ?" ಎಂದು ಕೇಳಿ, ಪಕ್ಕದಲ್ಲಿ ಕುಳಿತು ಹತ್ತು ಸಲ ಕಲಿಸಿ, ಹನ್ನೊಂದನೆಯ ಸಲವೂ ಸಿಡುಕದೆ ಹೇಳಿಕೊಟ್ಟದ್ದು ದಾಸೋಹ.

ಇನ್ನೊಂದು ವಿಚಾರ. 2017ರಿಂದ ಮಾರಾಟವಾಗುವ ಮೊಬೈಲುಗಳಲ್ಲಿ ತುರ್ತು ಗುಂಡಿ ಇರಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಸಾದಾ ಮೊಬೈಲಿನಲ್ಲಿ 5 ಅಥವಾ 9ರ ಗುಂಡಿಯನ್ನು ಒತ್ತಿಹಿಡಿದರೆ ತುರ್ತು ಕರೆ ಹೋಗಬೇಕೆಂಬುದು ಆ ನಿಯಮ. ತಮ್ಮ ಮನೆಯ ಮೊಬೈಲಿನಲ್ಲಿ ಆ ಗುಂಡಿ ಯಾವುದೆಂದು ಬಲ್ಲವರು ಎಷ್ಟು ಮಂದಿ? ಕರೆ ಮಗನಿಗೇ ಹೋದರೂ ಬೆಂಗಳೂರಿನಿಂದ ಅವನು ಬರಲು ಮೂರು ನಾಲ್ಕು ಗಂಟೆ ಬೇಕು. ಪಕ್ಕದ ಮನೆಯವರಿಗೆ ಮೂರು ನಿಮಿಷ ಸಾಕು. 1399ರಲ್ಲಿ ನಡೆಯಿತೆನ್ನುವ ಹದಿನಾರಿನ ಐತಿಹ್ಯದಲ್ಲಿ, ರಕ್ಷಕರಿಲ್ಲದ ಅರಸುಮನೆಯ ಸಂಕಟಕ್ಕೆ ಒದಗಿದವರು ನೆಂಟರಲ್ಲ. ದೂರದಿಂದ ಬಂದ ಯದುರಾಯ, ಕೃಷ್ಣರಾಯರೆಂಬ ಸೋದರರು. ಆದುದರಿಂದ ಮೊಬೈಲಿನಲ್ಲಿ ಮಕ್ಕಳ ಹೆಸರಿನ ಜೊತೆಗೆ ನೆರೆಯವರ ಹೆಸರೂ ಇರಲಿ. ಹಿರಿಯರ ಸಹಾಯವಾಣಿ 14567, ಆಂಬ್ಯುಲೆನ್ಸಿನ 108 ಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿರಲಿ. ಪೊಲೀಸರ ಹೆಸರು ಹೇಳಿ ಹೆದರಿಸಿ ಹಣ ಕೀಳುವ ವಂಚಕರೂ ಇದೇ ಮೊಬೈಲಿನಿಂದ ಮನೆಯೊಳಗೆ ಬರುತ್ತಾರಾದ್ದರಿಂದ, 1930 ಎಂಬ ಸಂಖ್ಯೆಯೂ ಅದರ ಕೆಳಗಿರಲಿ. ವಂಚನೆಗೆ ಹೆದರಿ ಹಿರಿಯರ ಕೈಯಿಂದ ಮೊಬೈಲನ್ನೇ ಕಸಿದುಕೊಳ್ಳುವುದು, ಬಿದ್ದಾರೆಂದು ಊರುಗೋಲನ್ನು ಕಸಿದುಕೊಂಡಂತೆ.

ಮುಂದಿನ ಜಾತ್ರೆಗೆ ಊರಿಗೆ ಬರುವ ಮಕ್ಕಳಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ. ಹೊಸ ಯಂತ್ರವನ್ನು ತರುವ ಮುನ್ನ ಒಂದು ಇಡೀ ದಿನ ತಂದೆತಾಯಿಗಳ ಜೊತೆ ಮನೆಯಲ್ಲಿದ್ದು, ಅವರು ಎಲ್ಲಿ ಎಡವುತ್ತಾರೆ, ಯಾವುದಕ್ಕೆ ಹಿಂಜರಿಯುತ್ತಾರೆ ಎಂಬುದನ್ನು ಕಣ್ಣಾರೆ ನೋಡಿರಿ. ತಂದ ಯಂತ್ರವನ್ನು ನಿಲ್ಲಿಸುವ ಗುಂಡಿ ಯಾವುದೆಂದು ಅವರಿಗೇ ಮೊದಲು ಕಲಿಸಿರಿ. ದಿನಕ್ಕೊಮ್ಮೆ ನಿಗದಿಯಾದ ಹೊತ್ತಿನಲ್ಲಿ ಕರೆ ಮಾಡಿರಿ. "ಮಾತ್ರೆ ತೆಗೆದುಕೊಂಡಿರಾ" ಎಂಬ ವಿಚಾರಣೆಯಲ್ಲಿಯೇ ಅದನ್ನು ಮುಗಿಸದೆ, ನಿಮ್ಮ ಸಂಸಾರದ ಯಾವುದಾದರೊಂದು ವಿಷಯದಲ್ಲಿ ಅವರ ಸಲಹೆಯನ್ನು ಕೇಳಿರಿ. ತಮ್ಮ ಮಾತಿಗೆ ಇನ್ನೂ ಬೆಲೆಯುಂಟೆಂಬ ಅರಿವು ಹಿರಿಯರಿಗೆ ಕೊಡುವ ಬಲವನ್ನು ಯಾವ ಯಂತ್ರವೂ ಕೊಡಲಾರದು.