ಗೃಹಸ್ಥರೊಡನೆ ನಾಲ್ಕು ಮಾತು: ಹಳೆಯ ಮನೆ ಕೊಳ್ಳುವ ಮುನ್ನ

ರಾಣೆಬೆನ್ನೂರಿನಿಂದ ನಮ್ಮ ಹಿರಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಶಾಲಾ ಶಿಕ್ಷಕರಾಗಿ ನಿವೃತ್ತರಾದ ಅವರ ಕೈಯಲ್ಲಿ 32 ಲಕ್ಷ ರೂಪಾಯಿಗಳಿವೆ. ಹುಬ್ಬಳ್ಳಿಯಲ್ಲಿ ಹಳೆಯ ಮನೆಯೊಂದು 26 ಲಕ್ಷಕ್ಕೆ ಬಂದಿದೆಯಂತೆ. ಅದನ್ನು ಕೊಂಡು, ದುರಸ್ತಿ ಮಾಡಿಸಿ, ವರ್ಷದೊಳಗೆ ಮಾರುವುದು ಲಾಭವೋ, ಬಾಡಿಗೆಗೆ ಕೊಡುವುದು ಲೇಸೋ ಎಂಬುದು ಅವರ ಪ್ರಶ್ನೆ. ಇಂತಹ ಪತ್ರಗಳು ಈಚೆಗೆ ಹೆಚ್ಚುತ್ತಿವೆ. ಜೀವಮಾನದ ಗಳಿಕೆಯ ಪ್ರಶ್ನೆಯಾದುದರಿಂದ ತುಸು ವಿಸ್ತಾರವಾಗಿಯೇ ಬರೆಯುತ್ತೇವೆ.

ಮೊದಲು ಲೆಕ್ಕ. ನಮ್ಮ ರಾಜ್ಯದಲ್ಲಿ ಇಂತಹ ಮನೆಗೆ ಮುದ್ರಾಂಕ ಶುಲ್ಕ ಶೇಕಡಾ 5. ಅದರ ಮೇಲೆ ಉಪಕರಗಳು. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿದೆ. ಎಲ್ಲ ಸೇರಿ ಶೇಕಡಾ 7.6ರಷ್ಟು, ಅಂದರೆ 26 ಲಕ್ಷಕ್ಕೆ ಸುಮಾರು 2 ಲಕ್ಷ. ದುರಸ್ತಿಗೆ 4 ಲಕ್ಷ ಹಿಡಿದರೆ ಇದ್ದ 32 ಲಕ್ಷವೂ ಮುಗಿಯಿತು. ವರ್ಷದ ಬಳಿಕ 35 ಲಕ್ಷಕ್ಕೆ ಮಾರಿದರೆನ್ನೋಣ. ಮೂರು ಲಕ್ಷ ಉಳಿಯಿತೆಂದು ತೋರುತ್ತದೆ. ದಲ್ಲಾಳಿಗೆ ಶೇಕಡಾ 2ರಂತೆ 70 ಸಾವಿರ ಹೋಯಿತು. ಅದೇ ಹಣ ಬ್ಯಾಂಕಿನಲ್ಲಿದ್ದರೆ ಬರುತ್ತಿದ್ದ ಬಡ್ಡಿ 2 ಲಕ್ಷ. ಮೇಲಾಗಿ 24 ತಿಂಗಳೊಳಗೆ ಮಾರಿದರೆ ಆ ಲಾಭವು ಅವರ ಇತರ ಆದಾಯಕ್ಕೆ ಸೇರಿ ತೆರಿಗೆಗೆ ಒಳಪಡುತ್ತದೆ. 24 ತಿಂಗಳು ದಾಟಿದ ಮೇಲೆ ಮಾರಿದರೆ ಮಾತ್ರ ಶೇಕಡಾ 12.5ರ ದೀರ್ಘಾವಧಿಯ ದರ. ಹೀಗೆ ಕಳೆಯುತ್ತಾ ಹೋದರೆ ವರ್ಷವಿಡೀ ಗಾರೆಯವನ, ಬಡಗಿಯ ಹಿಂದೆ ಅಲೆದ ಕೂಲಿಯೂ ಕೈಗೆ ಹತ್ತುವುದಿಲ್ಲ.

ಬಾಡಿಗೆಯ ಲೆಕ್ಕವೂ ಅಷ್ಟೇನೂ ಉಬ್ಬಿದ್ದಲ್ಲ. ತಿಂಗಳಿಗೆ 9 ಸಾವಿರದಂತೆ, ಒಂದು ತಿಂಗಳು ಮನೆ ಖಾಲಿ ಬಿದ್ದಿತೆಂದು ಹಿಡಿದು, ವರ್ಷಕ್ಕೆ 99 ಸಾವಿರ. ಮನೆಪಟ್ಟಿ, ಸಣ್ಣಪುಟ್ಟ ರಿಪೇರಿಗೆ 15 ಸಾವಿರ ಕಳೆದರೆ 84 ಸಾವಿರ. ತೊಡಗಿಸಿದ ಹಣಕ್ಕೆ ಶೇಕಡಾ 2.6. ಹಿರಿಯ ನಾಗರಿಕರ ಠೇವಣಿಗೆ ಬ್ಯಾಂಕುಗಳು ಕೊಡುವ ಬಡ್ಡಿ ಇದರ ಎರಡು ಪಟ್ಟಿಗೂ ಮೀರಿದೆ. ಹಾಗಾದರೆ ಜನ ಮನೆ ಕೊಳ್ಳುವುದೇಕೆ? ನೆಲದ ಬೆಲೆ ಏರುತ್ತದೆಂಬ ನಂಬಿಕೆಯಿಂದ. ಕಟ್ಟಡ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಏರುವುದು ಅದರ ಕೆಳಗಿನ ಜಾಗದ ಬೆಲೆ. ಹತ್ತು ವರ್ಷ ಕಾಯಬಲ್ಲವರಿಗೆ ಅದು ಸರಿ. ಔಷಧಿಯ ಖರ್ಚಿಗೂ ಇದೇ ಹಣವನ್ನು ನಂಬಿದವರಿಗೆ ಅಲ್ಲ.

ಇನ್ನು ಮುಖ್ಯವಾದ ವಿಷಯ, ಕಾಗದಪತ್ರ. ನಮ್ಮ ಬಂಧುಗಳೊಬ್ಬರು 2017ರಲ್ಲಿ ಧಾರವಾಡದಲ್ಲಿ ಹಳೆಯ ಹಂಚಿನ ಮನೆಯೊಂದನ್ನು ಕೊಂಡರು. ಮಾರಿದವರು ಇಬ್ಬರು ಅಣ್ಣತಮ್ಮಂದಿರು. ಸಿ.ಟಿ.ಎಸ್. ಉತಾರದಲ್ಲಿ ಅವರಿಬ್ಬರದೇ ಹೆಸರು. ಋಣಭಾರ ಪತ್ರವೂ ನಿರಾಳ. ಖರೀದಿಗೆ ಮುನ್ನ ಆ ಪತ್ರಗಳನ್ನು ನಮಗೂ ತೋರಿಸಿದ್ದರು; ನಾವೂ ತಲೆಯಾಡಿಸಿದ್ದೆವು. ಆ ಅಣ್ಣತಮ್ಮಂದಿರಿಗೆ ಒಬ್ಬ ಅಕ್ಕ ಇರುವರೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಗಳ ಮದುವೆಗೆಂದು ನಮ್ಮ ಬಂಧುಗಳು ಆ ಮನೆಯನ್ನು ಮಾರಲು ಹೊರಟಾಗ ಅಕ್ಕನ ವಕೀಲರ ನೋಟೀಸು ಬಂದಿತು. ಮದುವೆ ಸಾಲದಲ್ಲಿ ನಡೆಯಿತು. ದಾವೆ ಇನ್ನೂ ನಡೆದಿದೆ. ಆ ತಾಯಿಯದು ತಪ್ಪೆಂದು ನಾವು ಹೇಳಲಾರೆವು. ಕೇಳಿದ್ದು ತಮ್ಮ ತಂದೆಯ ಮನೆಯಲ್ಲಿನ ತಮ್ಮ ಪಾಲನ್ನು.

ನಮ್ಮ ಮನೆತನಗಳಲ್ಲಿ ಈ ಕಾಯಿದೆಯ ಅರಿವು ಇನ್ನೂ ಕಡಿಮೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 2ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಇವೆ. ಆದುದರಿಂದ ಅದು ನಮಗೂ ಅನ್ವಯಿಸುತ್ತದೆ. ತಂದೆಯ ಸ್ವಯಾರ್ಜಿತ ಮನೆಯಾಗಿದ್ದು ಉಯಿಲು ಬರೆಯದೆ ಅವರು ಲಿಂಗೈಕ್ಯರಾಗಿದ್ದರೆ ಹೆಂಡತಿಗೂ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯಿಂದ ಮಗಳು ಹುಟ್ಟಿನಿಂದಲೇ ಹಕ್ಕುದಾರಳು. ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿರಲಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ, ವಾರಸುದಾರರು ಅಲ್ಲ. ಆದುದರಿಂದ ವಂಶಾವಳಿಯನ್ನು ಕೇಳಿ ಪಡೆಯಿರಿ. ಅಷ್ಟಕ್ಕೇ ನಿಲ್ಲದೆ ನೆರೆಮನೆಯ ಹಿರಿಯರನ್ನು ವಿಚಾರಿಸಿರಿ. ಆ ಮನೆಯಿಂದ ಯಾವ ಊರಿಗೆ ಹೆಣ್ಣು ಕೊಟ್ಟಿದ್ದಾರೆಂಬುದು ಅವರಿಗೆ ಗೊತ್ತಿರುತ್ತದೆ. ಎಲ್ಲ ವಾರಸುದಾರರೂ ಖರೀದಿ ಪತ್ರಕ್ಕೆ ಸಹಿ ಹಾಕಲಿ. ಅಲ್ಲಿಯವರೆಗೆ ಸಂಚಕಾರ ಕೊಡಬೇಡಿರಿ.

ಬೆಲೆಯನ್ನು ಕಡಿಮೆ ತೋರಿಸಿ ಉಳಿದುದನ್ನು ನಗದಾಗಿ ಕೊಡಿರೆಂದು ಮಾರುವವರು ಒತ್ತಾಯಿಸುವುದುಂಟು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೂ ಹೆಚ್ಚು ಹಣವನ್ನು ನಗದಾಗಿ ಪಡೆಯುವುದು 2015ರಿಂದ ನಿಷಿದ್ಧ. ಪಡೆದವರಿಗೆ ಅಷ್ಟೇ ಮೊತ್ತದ ದಂಡ. ಕೊಂಡವರಿಗೂ ಕೇಡೇ. ನಾಳೆ ಮಾರುವಾಗ ಪತ್ರದಲ್ಲಿರುವ ಕಡಿಮೆ ಬೆಲೆಯೇ ನಿಮ್ಮ ಅಸಲು ಎನಿಸಿ, ಇಲ್ಲದ ಲಾಭಕ್ಕೆ ತೆರಿಗೆ ತೆರಬೇಕಾಗುತ್ತದೆ.

ಮನೆಯನ್ನು ಬೇಸಿಗೆಯಲ್ಲಿ ನೋಡಿ ಮೆಚ್ಚುವವರೇ ಹೆಚ್ಚು. ಹುಬ್ಬಳ್ಳಿ-ಧಾರವಾಡದ ಕಡೆಯ ಎರೆನೆಲ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ; ಅಡಿಪಾಯ ಮೇಲ್ಮೇಲಿದ್ದರೆ ಗೋಡೆ ಓರೆಯಾಗಿ ಬಿರಿಯುತ್ತದೆ. ಹೊಸ ಬಣ್ಣ ಹಚ್ಚಿದ ಗೋಡೆಯನ್ನು ಹೆಚ್ಚು ಅನುಮಾನದಿಂದಲೇ ನೋಡಿರಿ. ತೊಲೆಗಳ ತುದಿಯನ್ನು ತಟ್ಟಿ ಗೆದ್ದಲಿದೆಯೇ ಪರೀಕ್ಷಿಸಿರಿ. ಸಾಧ್ಯವಾದರೆ ಒಂದು ಮಳೆಗಾಲದ ಸಂಜೆ ಮತ್ತೊಮ್ಮೆ ಹೋಗಿ ಬನ್ನಿರಿ. ದುರಸ್ತಿಯ ಹಣ ಮೊದಲು ಮಾಳಿಗೆ, ವಿದ್ಯುತ್ ತಂತಿ, ನೀರಿನ ತೊಟ್ಟಿ, ಬಚ್ಚಲುಮನೆಗೆ ಹೋಗಲಿ. ಬಾಡಿಗೆಗೆ ಬರುವ ಮನೆಯೊಡತಿ ಮೊದಲು ತಿರುಗಿಸಿ ನೋಡುವುದು ನಲ್ಲಿಯನ್ನು, ಪಡಸಾಲೆಯ ಹೊಳಪು ಕಲ್ಲನ್ನಲ್ಲ.

ಬಾಡಿಗೆಯ ಕರಾರು ಬರಹದಲ್ಲಿರಲಿ. 11 ತಿಂಗಳಿಗೆ ಬರೆಸುವ ರೂಢಿಗೆ ಕಾರಣ, ಒಂದು ವರ್ಷಕ್ಕೆ ಮೀರಿದ ಕರಾರನ್ನು 1908ರ ಕಾಯಿದೆಯಂತೆ ನೋಂದಾಯಿಸಲೇಬೇಕು. ದೊಡ್ಡ ಮೊತ್ತ ಪಡೆದು ಭೋಗ್ಯಕ್ಕೆ ಕೊಡುವುದಾದರೆ ಆ ಹಣವನ್ನು ಮುಟ್ಟಬೇಡಿರಿ. ಅವಧಿ ಮುಗಿದ ದಿನ ಪೂರ್ತಿ ಹಿಂದಿರುಗಿಸಬೇಕು. ಬಾಡಿಗೆಯಿಂದ ಮನೆಪಟ್ಟಿ ಕಳೆದು ಉಳಿದುದರಲ್ಲಿ ಶೇಕಡಾ 30ನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಬಿಡುತ್ತಾರೆ. ನೆಂಟರಿಗೆ ಬಾಡಿಗೆ ಕೊಡಬಹುದೇ ಎಂದು ಕೇಳುವವರಿದ್ದಾರೆ. ನಾವು ಒಮ್ಮೆ ಕೊಟ್ಟಿದ್ದೆವು. ಬಾಡಿಗೆಯೂ ಬರಲಿಲ್ಲ, ನೆಂಟರೂ ಈಗ ಬರುವುದಿಲ್ಲ.

ರಾಣೆಬೆನ್ನೂರಿನ ಓದುಗರಿಗೆ ಇಷ್ಟನ್ನೂ ಬರೆದು, ಕೊಳ್ಳುವುದೇ ಆದರೆ ಅರ್ಧ ಹಣಕ್ಕೆ ಮೀರದ ಚಿಕ್ಕ ಮನೆ ನೋಡಿರಿ, ಉಳಿದರ್ಧ ಠೇವಣಿಯಲ್ಲಿರಲಿ ಎಂದು ತಿಳಿಸಿದೆವು. ಅವರ ಉತ್ತರ ಮೊನ್ನೆ ಬಂದಿತು. ಆ ಮನೆಯವರಿಗೆ ಇಬ್ಬರು ಹೆಣ್ಣುಮಕ್ಕಳಿದ್ದು, ಒಬ್ಬರನ್ನು ಗದಗಿಗೂ ಇನ್ನೊಬ್ಬರನ್ನು ಸೊಲ್ಲಾಪುರಕ್ಕೂ ಕೊಟ್ಟಿರುವರಂತೆ. ಇಬ್ಬರನ್ನೂ ಕಂಡು ಬಂದು ಮತ್ತೆ ಬರೆಯುವುದಾಗಿ ತಿಳಿಸಿದ್ದಾರೆ.